ಹಳೇ ಮನೆಯ ನಲ್ಲಿ ನೀರಿನಲ್ಲಿ ಸೀಸವಿದೆಯೇ? ಗೋಡೆ ಒಡೆಸುವ ಮೊದಲು ತಿಳಿಯಬೇಕಾದ್ದು

ಪ್ರಶ್ನೆ: ನಮ್ಮದು ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮ ಮಾವನವರು 1964ರಲ್ಲಿ ಕಟ್ಟಿಸಿದ ಮನೆ. ಗೋಡೆಯೊಳಗೆ ಆ ಕಾಲದ ಜಿಐ ಪೈಪುಗಳೇ ಇವೆ. 2003ರಲ್ಲಿ ಮಾಳಿಗೆ ಮೇಲೆ ಟ್ಯಾಂಕ್ ಕೂರಿಸಿದಾಗ ಅಲ್ಲಿಂದ ಅಡುಗೆಮನೆಗೆ ಬಿಳಿ ಪಿವಿಸಿ ಪೈಪ್ ಎಳೆಸಿದೆವು. ಅಡುಗೆಮನೆ ನಲ್ಲಿ ಹಿತ್ತಾಳೆಯದು, ತುಂಬಾ ಹಳೆಯದು. ಕಾರ್ಪೊರೇಷನ್ ನೀರು ಸಂಪಿಗೆ ಬರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರನ್ನೂ ಬೆರೆಸಿಕೊಳ್ಳುತ್ತೇವೆ. ಮಗಳು ಮತ್ತು ಅಳಿಯ ಷಿಕಾಗೊದಲ್ಲಿ ಸುಮಾರು ನೂರು ವರ್ಷದ ಹಳೇ ಮನೆಯಲ್ಲಿ ಬಾಡಿಗೆಗಿದ್ದಾರೆ. ಅವರ ಮನೆಗೆ ನೀರು ತರುವ ಪೈಪ್ ಸೀಸದ್ದು ಎಂದು ಅಲ್ಲಿನ ನೀರಿನ ಇಲಾಖೆಯಿಂದ ಕಾಗದ ಬಂದಿದೆ. ನಾಲ್ಕು ತಿಂಗಳ ಮೊಮ್ಮಗಳಿಗೆ ಎದೆಹಾಲಿನ ಜೊತೆ ಪುಡಿ ಹಾಲೂ ಕೊಡುತ್ತಿದ್ದಾರೆ. ಜನವರಿಯಲ್ಲಿ ಇಲ್ಲಿಗೆ ಬಂದು ಮೂರು ತಿಂಗಳು ಇರುತ್ತಾರೆ. ಮಗಳು ಈಗ, ‘ಅಮ್ಮ, ನಮ್ಮನೆ ಪೈಪೂ ಹಳೇದಲ್ವಾ’ ಅಂತ ಕೇಳುತ್ತಿದ್ದಾಳೆ. ಪ್ಲಂಬರ್ ಎಲ್ಲಾ ಪೈಪ್ ಒಡೆದು ತೆಗೆಯಬೇಕು ಅನ್ನುತ್ತಾರೆ. ಆರ್‌ಒ ಮಾರಲು ಬಂದವರು ನಮ್ಮ ನೀರಿಗೆ ಎರಡು ಕಡ್ಡಿ ಇಳಿಸಿದ ಕೂಡಲೇ ನೀರು ಕಂದು ಬಣ್ಣಕ್ಕೆ ತಿರುಗಿತು; ಅದೆಲ್ಲ ಸೀಸ ಅಂದರು. ಟಿಡಿಎಸ್ 190 ಇದೆಯಂತೆ. ನೀರು ಕುದಿಸಿ, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟು ಕೊಟ್ಟರೆ ಸಾಲದೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮನೆಗಳಿವೆ, ಎರಡರ ತೊಂದರೆಯೂ ಬೇರೆ. ಷಿಕಾಗೊದಲ್ಲಿ ಇರುವುದು ನಿಜವಾದ ಸೀಸದ ಪೈಪ್, ಮಗು ಅದರ ನೀರನ್ನು ಇವತ್ತೂ ಕುಡಿಯುತ್ತಿದೆ. ಮೈಸೂರಿನ ನಿಮ್ಮ ಮನೆಯಲ್ಲಿ ಸೀಸದ ಪೈಪ್ ಇರುವ ಸಂಭವ ತೀರಾ ಕಡಿಮೆ. ಹಾಗೆಂದು ನಿಮ್ಮ ನೀರಿನಲ್ಲಿ ಸೀಸವೇ ಇರದು ಎನ್ನಲಾಗುವುದಿಲ್ಲ. ಆದರೆ ನಾನು ಅನುಮಾನ ಪಡುವುದು ಗೋಡೆಯೊಳಗಿನ ಅರವತ್ತು ವರ್ಷದ ಪೈಪಿಗಿಂತ ಹೆಚ್ಚಾಗಿ ಅಡುಗೆಮನೆಯ ಹಿತ್ತಾಳೆ ನಲ್ಲಿಯನ್ನು, ಆಮೇಲೆ 2003ರ ಬಿಳಿ ಪೈಪನ್ನು. ಎರಡನ್ನೂ ಪರೀಕ್ಷಿಸಿ ತಿಳಿಯಬಹುದು, ಗೋಡೆಗೆ ಕೈ ಹಚ್ಚದೆ ಸರಿಪಡಿಸಲೂಬಹುದು.

ಮಗುವಿನ ಬಗ್ಗೆ ನೀವು ಇಷ್ಟು ಯೋಚಿಸುವುದು ಸರಿಯಾಗಿಯೇ ಇದೆ. ಪುಡಿ ಹಾಲು ಕುಡಿಯುವ ಆರು ಕಿಲೋ ತೂಕದ ಮಗುವಿಗೆ ದಿನಕ್ಕೆ 700–800 ಮಿ.ಲೀ. ನೀರು ಹೋಗುತ್ತದೆ, ತೂಕಕ್ಕೆ ಹೋಲಿಸಿದರೆ ದೊಡ್ಡವರು ಕುಡಿಯುವುದರ ಸುಮಾರು ಮೂರು ಪಟ್ಟು. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಶೇ 10ರಷ್ಟನ್ನು ಹೀರಿಕೊಂಡರೆ ಎಳೆಯ ಮಕ್ಕಳ ಕರುಳು ಶೇ 40–50ರಷ್ಟನ್ನು ಹೀರಿಕೊಳ್ಳುತ್ತದೆ. ಎರಡನ್ನೂ ಸೇರಿಸಿ ನೋಡಿದರೆ, ಒಂದೇ ನಲ್ಲಿಯ ನೀರು ನಿಮಗೆ ಕೊಡುವ ಸೀಸದ ಹತ್ತು ಪಟ್ಟಿಗೂ ಹೆಚ್ಚು ಆ ಮಗುವಿನ ಮೈಗೆ ಸೇರುತ್ತದೆ. ಅದು ಹಾನಿ ಮಾಡುವುದು ಬೆಳೆಯುತ್ತಿರುವ ಮಿದುಳಿಗೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣ ಮಕ್ಕಳ ಮಟ್ಟಿಗೆ ಇದುವರೆಗೆ ಗೊತ್ತಾಗಿಲ್ಲ.

ಮಗಳಿಗೆ ಇವತ್ತೇ ತಿಳಿಸಬೇಕಾದ್ದು

ಷಿಕಾಗೊದಲ್ಲಿ ರಸ್ತೆಯ ಕೊಳವೆಯಿಂದ ಮನೆಗೆ ಬರುವ ಪೈಪ್ ಸೀಸದ್ದೇ ಆಗಿರಬೇಕು ಎಂಬ ನಗರದ ನಿಯಮ 1986ರವರೆಗೂ ಜಾರಿಯಲ್ಲಿತ್ತು. ಆ ವರ್ಷ ಅಮೆರಿಕದ ಕೇಂದ್ರ ಕಾನೂನೇ ಅದನ್ನು ನಿಲ್ಲಿಸಿತು. ಅಂಥ ಪೈಪುಗಳು ಆ ಒಂದು ನಗರದಲ್ಲೇ ಈಗಲೂ ಸುಮಾರು 4 ಲಕ್ಷ ಇವೆ, ಆ ದೇಶದ ಬೇರೆ ಯಾವ ಊರಿನಲ್ಲೂ ಅಷ್ಟಿಲ್ಲ. ಎಲ್ಲೆಲ್ಲಿ ಸೀಸದ ಪೈಪಿದೆ ಎಂದು 2024ರ ಅಕ್ಟೋಬರ್ ಒಳಗೆ ಪಟ್ಟಿ ಮಾಡಿ ಆ ಮನೆಗಳಿಗೆಲ್ಲ ತಿಳಿಸಬೇಕೆಂದು ಅಲ್ಲಿನ ನೀರು ಸರಬರಾಜು ಸಂಸ್ಥೆಗಳಿಗೆ ಆದೇಶವಾಗಿತ್ತು. ನಿಮ್ಮ ಮಗಳಿಗೆ ಬಂದ ಕಾಗದ ಆ ಬಗೆಯದು. ಪೈಪ್ ಸೀಸದ್ದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಅವರ ನಲ್ಲಿ ನೀರಿನಲ್ಲಿ ಎಷ್ಟು ಸೀಸವಿದೆ ಎಂದು ಯಾರೂ ಇನ್ನೂ ಅಳೆದಿಲ್ಲ.

ಪುಡಿ ಹಾಲು ಕಲಸಲು ಇವತ್ತಿನಿಂದಲೇ ಬಾಟಲಿ ನೀರು, ಇಲ್ಲವೇ ಸೀಸ ತೆಗೆಯುವ ಪ್ರಮಾಣಪತ್ರವಿರುವ ಫಿಲ್ಟರಿನ ನೀರು ಬಳಸಲಿ. ಫಿಲ್ಟರ್ ಡಬ್ಬಿಯ ಮೇಲೆ ‘ಎನ್‌ಎಸ್‌ಎಫ್/ಎಎನ್‌ಎಸ್‌ಐ 53’ ಎಂದಿರಬೇಕು, ಜೊತೆಗೆ ಸೀಸ ತಗ್ಗಿಸುತ್ತದೆ ಎಂದು ಬಿಡಿಸಿ ಬರೆದಿರಬೇಕು. ಬರೀ ‘42’ ಎಂದಿದ್ದರೆ ಅದು ಕ್ಲೋರಿನ್ ವಾಸನೆ, ರುಚಿಗೆ ಸಂಬಂಧಿಸಿದ್ದು; ಸೀಸಕ್ಕೆ ಉಪಯೋಗವಿಲ್ಲ. ಕಾರ್ಟ್ರಿಡ್ಜ್ ಎಷ್ಟು ಗ್ಯಾಲನ್‌ಗೆ ಎಂದು ಬರೆದಿದೆಯೋ ಅಷ್ಟಕ್ಕೆ ಬದಲಿಸಲೇಬೇಕು. ಬಿಸಿನೀರನ್ನು ಅದರಲ್ಲಿ ಹಾಯಿಸಬಾರದು. ಅಡುಗೆಗೂ ತಣ್ಣೀರಿನ ನಲ್ಲಿಯಿಂದಲೇ ನೀರು ಹಿಡಿದು ಒಲೆಯ ಮೇಲೆ ಕಾಯಿಸಲಿ. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ.

ಪರೀಕ್ಷೆಗೆ 311ಕ್ಕೆ ಫೋನ್ ಮಾಡಿದರೆ ನಗರದವರೇ ಉಚಿತವಾಗಿ ಕಿಟ್ ಕಳಿಸುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ರಾತ್ರಿಯಿಡೀ ನಿಂತ ನೀರಿನ ಮೊದಲ ಲೀಟರು ನಲ್ಲಿಯಲ್ಲೂ ಮನೆಯೊಳಗಿನ ಪೈಪಿನಲ್ಲೂ ಇದ್ದದ್ದು. ನೆಲದಡಿಯ ಸೀಸದ ಪೈಪಿನಲ್ಲಿ ನಿಂತ ನೀರು ನಾಲ್ಕೈದು ಲೀಟರ್ ಹರಿದ ಮೇಲೆ ಬರುತ್ತದೆ. ಮುಕ್ಕಾಲಿಂಚಿನ ಅರವತ್ತು ಅಡಿ ಪೈಪಿನಲ್ಲಿ ಹೆಚ್ಚುಕಡಿಮೆ 5 ಲೀಟರ್ ನೀರಿರುತ್ತದೆ. ಅದಕ್ಕೇ ಹೊಸ ನಿಯಮದಲ್ಲಿ ಐದನೆಯ ಲೀಟರನ್ನೂ ಅಳೆಯಬೇಕೆಂದು ಸೇರಿಸಿದ್ದಾರೆ. ಮೊದಲ ಲೀಟರ್ ಚೆನ್ನಾಗಿದೆ ಎಂಬ ವರದಿ ನೋಡಿ ಸಮಾಧಾನ ಪಡುವಂತಿಲ್ಲ. ಇದೇ ಕಾರಣಕ್ಕೆ ಬೆಳಿಗ್ಗೆ ಅರ್ಧ ನಿಮಿಷ ನಲ್ಲಿ ಬಿಟ್ಟು ನೀರು ಹಿಡಿದರೆ ಪ್ರಯೋಜನವಿಲ್ಲ. ಕೆಲವೊಮ್ಮೆ ಆಗಲೇ ಅತಿ ಕೆಟ್ಟ ನೀರು ಲೋಟಕ್ಕೆ ಬಂದಿರುತ್ತದೆ. ಸ್ನಾನವೋ ಬಟ್ಟೆ ಒಗೆಯುವುದೋ ಮುಗಿದು, ಆಮೇಲೆ ಅಡುಗೆಮನೆಯಲ್ಲೂ ಐದು ನಿಮಿಷ ಹರಿದ ಮೇಲೆ ಹಿಡಿಯಲಿ. ನಲ್ಲಿಯ ತುದಿಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಲಿ. ಸೀಸದ ಸಣ್ಣ ಚೂರುಗಳು ಅಲ್ಲಿ ಕೂಡಿಕೊಂಡು ಬಂದ ನೀರನ್ನೆಲ್ಲ ಕೆಡಿಸುತ್ತವೆ.

ಪೈಪ್ ಬದಲಿಸುವ ಮಾತು ಮನೆಯ ಮಾಲೀಕರ ಜೊತೆ ಆಗಬೇಕಾದ್ದು. ಬದಲಿಸಿದರೆ ರಸ್ತೆಯಿಂದ ಮನೆಯೊಳಗಿನವರೆಗೆ ಪೂರ್ತಿ ಬದಲಿಸಬೇಕು. ಅರ್ಧ ಸೀಸ, ಅರ್ಧ ತಾಮ್ರ ಮಾಡಿದರೆ ಎರಡು ಲೋಹ ಸೇರುವ ಕಡೆ ವಿದ್ಯುತ್ ರಾಸಾಯನಿಕ ಕ್ರಿಯೆ ಶುರುವಾಗಿ ಉಳಿದ ಸೀಸ ಇನ್ನೂ ಬೇಗ ಕರಗುತ್ತದೆ. ಇಲಿನಾಯ್ ರಾಜ್ಯದಲ್ಲಿ 2022ರಿಂದ ಅಂಥ ಅರೆಬರೆ ಕೆಲಸವನ್ನು ಕಾನೂನೇ ತಡೆದಿದೆ. ಪೂರ್ತಿ ಬದಲಿಸಿದ ಮೇಲೂ ಅಲುಗಾಡಿದ ಚೂರುಗಳು ಕೆಲವು ತಿಂಗಳು ಬರುತ್ತಿರುತ್ತವೆ, ಆದ್ದರಿಂದ ಆರು ತಿಂಗಳಾದರೂ ಫಿಲ್ಟರ್ ಇರಲಿ.

ಕಡ್ಡಿ, ಮೀಟರ್, ಕುದಿಸುವುದು, ತಾಮ್ರ

ಈಗ ಮೈಸೂರಿಗೆ ಬರೋಣ. ಆ ಎರಡು ಕಡ್ಡಿಗಳ ಪ್ರದರ್ಶನ ನೀರಿನ ಪರೀಕ್ಷೆಯೇ ಅಲ್ಲ. ಆ ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ಕರೆಂಟ್ ಹಾಯಿಸಿದಾಗ ಆ ಕಬ್ಬಿಣವೇ ಕರಗಿ ತುಕ್ಕಾಗಿ ನೀರನ್ನು ಕಂದು, ಹಸಿರು, ಕಪ್ಪು ಮಾಡುತ್ತದೆ. ನೀವು ನೋಡಿದ ಗಸಿ ಕಡ್ಡಿಯಿಂದ ಬಂದದ್ದು. ಹೋಲಿಕೆಗೆಂದು ಇಡುವ ಪಕ್ಕದ ಲೋಟದ ಆರ್‌ಒ ನೀರು ತಿಳಿಯಾಗಿಯೇ ಉಳಿಯುವುದಕ್ಕೆ ಕಾರಣ, ಅದರಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಡ್ಡಿ ಇಳಿಸಲು ಹೇಳಿ, ಅದೂ ಕಂದಾಗುತ್ತದೆ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. ಅದು ತೋರಿಸುವ ಅತಿ ಚಿಕ್ಕ ಅಂಕಿ 1, ಅಂದರೆ ಲೀಟರಿಗೆ 1 ಮಿ.ಗ್ರಾಂ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ, ಅಂದರೆ 10 ಮೈಕ್ರೊಗ್ರಾಂ. ಮೀಟರಿನ ಅತಿ ಚಿಕ್ಕ ಅಂಕಿಯ ನೂರನೆಯ ಒಂದು ಭಾಗ ಅದು. ನಿಮ್ಮ 190 ಒಳ್ಳೆಯ ಅಂಕಿಯೇ, ಆದರೆ ಸೀಸದ ಬಗ್ಗೆ ಅದು ಏನೂ ಹೇಳುವುದಿಲ್ಲ. 190 ಇರುವ ನೀರಿನಲ್ಲಿ ಸೀಸ ಮಿತಿಯ ಐದು ಪಟ್ಟು ಇರಬಹುದು, 900 ಇರುವ ಬೋರ್‌ವೆಲ್ ನೀರಿನಲ್ಲಿ ಒಂದಿಷ್ಟೂ ಇಲ್ಲದಿರಬಹುದು.

ಕುದಿಸಿದರೆ ರೋಗಾಣು ಸಾಯುತ್ತವೆ, ಮಗುವಿನ ನೀರನ್ನು ಕುದಿಸಲೇಬೇಕು. ಆದರೆ ಸೀಸ ಆವಿಯಾಗಿ ಹೋಗುವುದಿಲ್ಲ. ಒಂದು ಲೀಟರ್ ನೀರನ್ನು ಮುಕ್ಕಾಲು ಲೀಟರಿಗೆ ಬತ್ತಿಸಿದರೆ 10 ಮೈಕ್ರೊಗ್ರಾಂ ಇದ್ದದ್ದು 13ಕ್ಕೆ ಏರುತ್ತದೆ. ಹಾಗಾಗಿ ಮುಚ್ಚಿಟ್ಟು, ಚೆನ್ನಾಗಿ ಕುದಿ ಬಂದ ಕೂಡಲೇ ಇಳಿಸಿ. ತಾಮ್ರದ ಬಿಂದಿಗೆ ಸೀಸವನ್ನು ಹೀರಿಕೊಳ್ಳುವುದಿಲ್ಲ. ಎಳೆ ಮಗುವಿನ ಹಾಲಿಗೆ ತಾಮ್ರದ ಪಾತ್ರೆಯಲ್ಲಿಟ್ಟ ನೀರು ಬೇಡವೇ ಬೇಡ. ಆ ವಯಸ್ಸಿಗೆ ಹೆಚ್ಚಿನ ತಾಮ್ರವೂ ಒಳ್ಳೆಯದಲ್ಲ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್ ಯಾವುದೂ ಕರಗಿದ ಸೀಸವನ್ನು ತಡೆಯುವುದಿಲ್ಲ.

ನಿಮ್ಮ ಮನೆಯಲ್ಲಿ ಸೀಸ ಇದ್ದರೆ ಎಲ್ಲಿರಬಹುದು

ಹಳೇ ರಸ್ತೆಗಳಲ್ಲಿ ಎರಕದ ಕಬ್ಬಿಣದ ಕೊಳವೆಗಳನ್ನು ಜೋಡಿಸುವಾಗ ಸಾಕೆಟ್ಟಿಗೆ ನಾರು ತುರುಕಿ, ಕರಗಿಸಿದ ಸೀಸ ಹೊಯ್ದು ಬಡಿಯುತ್ತಿದ್ದರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಸೀಸದ ಬಳೆ ನಾರಿನ ಹಿಂದೆ ಕೂತಿರುತ್ತದೆ, ಹರಿಯುವ ನೀರಿಗೆ ಅಷ್ಟಾಗಿ ತಾಗುವುದಿಲ್ಲ. ಊರಿಗೆಲ್ಲ ಹರಿಯುವ ನೀರಿನಲ್ಲಿ ಅದರ ಪಾಲು ಲೆಕ್ಕಕ್ಕೆ ಸಿಗುವಷ್ಟಿರುವುದಿಲ್ಲ.

ಮನೆಯೊಳಗಿನ ಜಿಐ ಪೈಪ್ ಎಂದರೆ ಸತು ಲೇಪಿಸಿದ ಕಬ್ಬಿಣ. ಆ ಕಾಲದ ಸತುವಿನಲ್ಲಿ ಶೇ 1ರ ಆಸುಪಾಸಿನವರೆಗೂ ಸೀಸ ಬೆರೆತಿರುತ್ತಿತ್ತು. ಅರವತ್ತು ವರ್ಷದಲ್ಲಿ ಆ ಲೇಪ ಬಹುಪಾಲು ಹೋಗಿ ಒಳಗೆ ತುಕ್ಕಿನ ಪದರ ಕಟ್ಟಿರುತ್ತದೆ. ತೊಂದರೆ ಏನೆಂದರೆ, ತುಕ್ಕು ತನ್ನ ಮೇಲೆ ಹರಿದ ಸೀಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೈಪಿಗೆ ಏಟು ಬಿದ್ದಾಗ, ನೀರು ರಭಸವಾಗಿ ಬಂದಾಗ ಚಕ್ಕೆಯಾಗಿ ಬಿಟ್ಟುಕೊಡುತ್ತದೆ. ಇನ್ನೊಂದು, ಥ್ರೆಡ್ಡಿಗೆ ಸುತ್ತಿದ ಸಣಬು ಮತ್ತು ಬಳಿದ ಪೇಸ್ಟು. ಟೆಫ್ಲಾನ್ ಟೇಪ್ ಬರುವ ಮೊದಲು ಜಾಯಿಂಟಿಗೆ ಬಿಳಿ ಸೀಸ ಅಥವಾ ಕೆಂಪು ಸೀಸದ ಪೇಸ್ಟ್ ಬಳಿಯುವುದು ವಾಡಿಕೆಯಾಗಿತ್ತು. ಒಳಕ್ಕೆ ಜಿನುಗಿದ ಸ್ವಲ್ಪ ಪೇಸ್ಟು ನೀರಿಗೆ ತಾಗುತ್ತಿರಬಹುದು. ಆದರೆ ನಿಮ್ಮ ಅಡುಗೆಮನೆಗೆ ಬರುವುದು 2003ರ ಬೇರೆ ಲೈನು. ಜಿಐ ಪೈಪ್ ಈಗ ಬಚ್ಚಲು, ಹಿತ್ತಲಿಗೆ ಮಾತ್ರ ಹೋಗುತ್ತಿದ್ದರೆ ಸೀಸದ ಭಯಕ್ಕಾಗಿ ಅದನ್ನು ಕೀಳಿಸುವ ಅಗತ್ಯವಿಲ್ಲ. ಸೀಸ ಚರ್ಮದ ಮೂಲಕ ಒಳಗೆ ಹೋಗುವುದು ಅತ್ಯಲ್ಪ. ಮಗುವಿಗೆ ಆ ನೀರಿನಲ್ಲಿ ಸ್ನಾನ ಮಾಡಿಸಬಹುದು.

ನನ್ನ ಮೊದಲ ಅನುಮಾನ ನಲ್ಲಿಯ ಮೇಲೆ ಎಂದೆ. ಲೇತಿನಲ್ಲಿ ಹಿತ್ತಾಳೆ ಸುಲಭವಾಗಿ ಕಡಿಯಲಿ ಎಂದು ಅದಕ್ಕೆ ಶೇ 2ರಿಂದ 3.5ರವರೆಗೆ ಸೀಸ ಬೆರೆಸುವ ರೂಢಿಯಿದೆ. ಸೀಸ ತಾಮ್ರದಲ್ಲಾಗಲಿ ಸತುವಿನಲ್ಲಾಗಲಿ ಬೆರೆತುಹೋಗುವುದಿಲ್ಲ, ಸಣ್ಣ ಸಣ್ಣ ಕಣವಾಗಿ ಉಳಿಯುತ್ತದೆ. ಒಳಗೆ ಕೊರೆದಾಗ ಆ ಕಣಗಳು ಉಜ್ಜಿಕೊಂಡು ಮೇಲ್ಮೈಗೆ ಬಳಿದಂತಾಗುತ್ತವೆ. ಹೊರಗಿನ ಕ್ರೋಮಿಯಂ ಹೊಳಪು ಹೊರಗಿಗೆ ಮಾತ್ರ, ನೀರು ತಾಗುವ ಒಳಮೈ ಬರೀ ಹಿತ್ತಾಳೆ. ನಲ್ಲಿ, ಅದರ ಹಿಂದಿನ ಆ್ಯಂಗಲ್ ಕಾಕ್ (ನೀರು ನಿಲ್ಲಿಸುವ ಚಿಕ್ಕ ವಾಲ್ವ್), ನಿಪ್ಪಲ್ (ಜೋಡಿಸುವ ತುಂಡು ಪೈಪ್), ಗೋಡೆಯಲ್ಲಿ ಕೂತ ಬ್ರಾಸ್ ಎಲ್ಬೋ ಎಲ್ಲ ಸೇರಿ ರಾತ್ರಿ 100–200 ಮಿ.ಲೀ. ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಬೆಳಿಗ್ಗೆ ಎದ್ದು ಕಾಫಿ ಡಿಕಾಕ್ಷನ್ನಿಗೆ ಹಿಡಿಯುವ ಮೊದಲ ಲೋಟವೇ ಅದು.

ಬಿಳಿ ಪೈಪಿನ ಕಥೆ ಬೇರೆ. ಪಿವಿಸಿ ಪೈಪ್ ತಯಾರಿಸುವಾಗ ಬಿಸಿಗೆ ಪ್ಲಾಸ್ಟಿಕ್ ಕೆಡದಿರಲೆಂದು ಸ್ಟೆಬಿಲೈಸರ್ ಬೆರೆಸಬೇಕು. ನಮ್ಮಲ್ಲಿ ಬಹುಕಾಲ ಅದಕ್ಕೆ ಸೀಸದ ಸಂಯುಕ್ತಗಳನ್ನೇ ಬಳಸುತ್ತಿದ್ದರು. ಕೇಂದ್ರ ಪರಿಸರ ಸಚಿವಾಲಯ ಅದಕ್ಕೆ ಕಡಿವಾಣ ಹಾಕುವ ನಿಯಮ ಹೊರಡಿಸಿದ್ದು 2021ರಲ್ಲಿ. ನಿಮ್ಮ 2003ರ ಪೈಪಿನಲ್ಲಿ ಸೀಸದ ಸ್ಟೆಬಿಲೈಸರ್ ಇದೆ ಎಂದೇ ಇಟ್ಟುಕೊಳ್ಳಿ. ಸಮಾಧಾನದ ಸಂಗತಿ, ಇಂಥ ಪೈಪ್ ಹೊಸದರಲ್ಲಿ ಹೆಚ್ಚು ಸೀಸ ಬಿಡುತ್ತದೆ. ಒಳಮೈಯ ಸೀಸ ಮುಗಿದಂತೆ ಬಿಡುವುದು ಕಡಿಮೆಯಾಗುತ್ತದೆ. ಇಪ್ಪತ್ತು ವರ್ಷ ನೀರು ಹರಿದ ಪೈಪ್ ಈಗ ಕೊಡುವುದು ಸ್ವಲ್ಪವೇ ಇರಬೇಕು. ಆದರೆ ಮಾಳಿಗೆಯ ಬಿಸಿಲಿನಲ್ಲಿ ಪೈಪ್ ಕಾಯುತ್ತದೆ, ಒಳಗಿನ ನೀರೂ ಕಾಯುತ್ತದೆ, ಆಗ ಕರಗುವುದು ಹೆಚ್ಚು. ಪೈಪ್ ಹಳದಿ ತಿರುಗಿ, ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತಿದ್ದರೆ ಅದನ್ನು ಬದಲಿಸುವ ಹೊತ್ತು ಬಂದಿದೆ ಎಂದು ತಿಳಿಯಿರಿ.

ನೀರಿನ ಗುಣವೂ ಮುಖ್ಯ. ಕಾವೇರಿ ನೀರು ಬೋರ್‌ವೆಲ್ ನೀರಿಗಿಂತ ಮೆದು. ಮೆದು ನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ. ಗಡುಸು ನೀರು ಪೈಪಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಒಂದೇ ಬಗೆಯ ನೀರು ವರ್ಷಗಟ್ಟಲೆ ಹರಿದರೆ ಆ ಪೊರೆ ಗಟ್ಟಿಯಾಗಿ ನಿಲ್ಲುತ್ತದೆ, ನೀರು ಬದಲಾದಾಗ ಸಡಿಲವಾಗುತ್ತದೆ. ಅಮೆರಿಕದ ಫ್ಲಿಂಟ್ ಊರಿನಲ್ಲಿ 2014ರಲ್ಲಿ ಆದದ್ದು ಇದೇ. ನೀರಿನ ಮೂಲವನ್ನು ನದಿಗೆ ಬದಲಿಸಿದರು, ಪೈಪಿನ ಪೊರೆ ಕಾಯುವ ಫಾಸ್ಫೇಟ್ ಸೇರಿಸಲಿಲ್ಲ, ಹಳೇ ಪೈಪುಗಳ ಸೀಸವೆಲ್ಲ ನೀರಿಗೆ ಬಂತು. ಬೇಸಿಗೆಯಲ್ಲಿ ನೀವು ಬೋರ್‌ವೆಲ್ ಬೆರೆಸಿ ಮಳೆಗಾಲದಲ್ಲಿ ನಿಲ್ಲಿಸುವುದೂ ಚಿಕ್ಕ ಪ್ರಮಾಣದಲ್ಲಿ ಅಂಥದೇ ಬದಲಾವಣೆ. ಅದಕ್ಕೇ ಒಂದು ಸಲದ ಪರೀಕ್ಷೆ ಸಾಲದು ಎನ್ನುತ್ತೇನೆ: ಈಗೊಮ್ಮೆ, ಬೋರ್‌ವೆಲ್ ಬೆರೆಸಿ ಎರಡು ವಾರವಾದ ಮೇಲೆ ಇನ್ನೊಮ್ಮೆ.

ನೀರು ಹಿಡಿಯುವ ಕ್ರಮ

ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವನ್ನೇ ಹುಡುಕಿ, ಆ ಮಾನ್ಯತೆ ನೀರಿನಲ್ಲಿ ಸೀಸ ಅಳೆಯುವುದಕ್ಕೂ ಇದೆಯೇ ಎಂದು ಕೇಳಿ. ಎರಡನೆಯ ಪ್ರಶ್ನೆ: ನೀವು ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು? ಉತ್ತರ ಲೀಟರಿಗೆ 0.001 ಮಿ.ಗ್ರಾಂ ಅಥವಾ ಅದಕ್ಕೂ ಕಡಿಮೆ ಇರಬೇಕು. ಐಸಿಪಿ-ಎಂಎಸ್ ಅಥವಾ ಗ್ರಾಫೈಟ್ ಫರ್ನೆಸ್ ಎಎಎಸ್ ಯಂತ್ರವಿದ್ದರೆ ಇದು ಸಾಧ್ಯ. ಕೆಲವು ವರದಿಗಳಲ್ಲಿ ‘ಬಿಡಿಎಲ್’ ಎಂದಷ್ಟೇ ಇರುತ್ತದೆ, ಪತ್ತೆಯಾಗುವ ಮಟ್ಟಕ್ಕಿಂತ ಕಡಿಮೆ ಎಂದು ಅದರ ಅರ್ಥ. ಆ ಮಟ್ಟವೇ 0.05 ಆಗಿದ್ದರೆ ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ವರದಿಯಲ್ಲಿ ಬಿಡಿಎಲ್ ಎಂದೇ ಬರುತ್ತದೆ.

ಬಾಟಲಿಗಳನ್ನು ಅವರಿಂದಲೇ ತೆಗೆದುಕೊಳ್ಳಿ. ಆಸಿಡ್ಡಿನಲ್ಲಿ ತೊಳೆದಿಟ್ಟಿರುತ್ತಾರೆ, ನೀವು ಮತ್ತೆ ತೊಳೆಯಬೇಡಿ. ಟ್ಯಾಂಕ್, ಸಂಪ್ ತೊಳೆಸಿ ಒಂದು ವಾರ ಆಗಿರಲಿ. ಹಿಂದಿನ ರಾತ್ರಿ ಹತ್ತಕ್ಕೆ ಅಡುಗೆಮನೆಯ ಲೈನ್ ನಿಲ್ಲಿಸಿ, ಬೆಳಿಗ್ಗೆ ಆರರವರೆಗೆ ಯಾರೂ ಅದನ್ನು ತೆರೆಯಬಾರದು. ನಲ್ಲಿ ತುದಿಯ ಜಾಲರಿ ಬಿಚ್ಚಬೇಡಿ. ದಿನಾ ಹೇಗೆ ತಿರುಗಿಸುತ್ತೀರೋ ಹಾಗೆಯೇ ತಿರುಗಿಸಿ; ಹನಿಹನಿಯಾಗಿ ಹಿಡಿದರೆ ತುಕ್ಕಿನ ಚೂರು ಬರದೆ ಸುಳ್ಳು ಸಮಾಧಾನ ಸಿಗುತ್ತದೆ. ಒಂದು ತೊಟ್ಟೂ ಚೆಲ್ಲದೆ ಮೊದಲ 250 ಮಿ.ಲೀ. ಒಂದು ಬಾಟಲಿಗೆ. ನಲ್ಲಿ ನಿಲ್ಲಿಸದೆ ಮುಂದಿನ ಒಂದು ಲೀಟರ್ ಎರಡನೆಯದಕ್ಕೆ. ಆಮೇಲೆ ಐದು ನಿಮಿಷ ಹರಿಯಬಿಟ್ಟು ಮೂರನೆಯದು. ಅರ್ಧ ಇಂಚಿನ ಪೈಪಿನಲ್ಲಿ ಮೀಟರಿಗೆ 200 ಮಿ.ಲೀ. ನೀರಿರುತ್ತದೆ. ಟ್ಯಾಂಕಿನಿಂದ ನಲ್ಲಿಗೆ ಒಂಬತ್ತು ಮೀಟರ್ ಇದ್ದರೆ ಸುಮಾರು 1.8 ಲೀಟರ್. ಹಾಗಾಗಿ ಮೊದಲ ಬಾಟಲಿ ನಲ್ಲಿಯ ಲೆಕ್ಕ ಕೊಡುತ್ತದೆ, ಎರಡನೆಯದು ಪೈಪಿನ ಲೆಕ್ಕ, ಮೂರನೆಯದು ಟ್ಯಾಂಕಿನಿಂದ ಆಗಷ್ಟೇ ಬಂದ ನೀರಿನ ಲೆಕ್ಕ. ಮೂರಕ್ಕೂ ಹೆಸರು, ಹೊತ್ತು ಬರೆದು ಅವತ್ತೇ ತಲುಪಿಸಿ. ನೈಟ್ರಿಕ್ ಆಸಿಡ್ ಹಾಕುವ ಕೆಲಸ ಪ್ರಯೋಗಾಲಯದವರದು.

ಮೊದಲನೆಯದು ಮಾತ್ರ ಹೆಚ್ಚಿದ್ದರೆ ತಪ್ಪು ನಲ್ಲಿ, ಫಿಟಿಂಗಿನದು. ಮೊದಲೆರಡೂ ಹೆಚ್ಚು, ಮೂರನೆಯದು ಕಡಿಮೆ ಎಂದಾದರೆ ಪೈಪಿನದೂ ಸೇರಿದೆ. ಮೂರೂ ಒಂದೇ ಸಮ ಹೆಚ್ಚಿದ್ದರೆ, ಇದು ಅಪರೂಪ, ಸಂಪಿಗೆ ಬೀಳುವ ನೀರನ್ನೂ ಬೋರ್‌ವೆಲ್ ನೀರನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಮೊದಲೇ ಹೇಳಿದಂತೆ ಐಎಸ್ 10500ರ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಪುಡಿ ಹಾಲಿನ ಮಗುವಿರುವ ಮನೆಯಲ್ಲಿ 5 ದಾಟಿದರೂ ಏನಾದರೂ ಮಾಡಿ ಎಂದೇ ನಾನು ಹೇಳುವುದು. ಐರೋಪ್ಯ ಒಕ್ಕೂಟವೂ 2036ರ ಹೊತ್ತಿಗೆ ತನ್ನ ಮಿತಿಯನ್ನು 5ಕ್ಕೆ ಇಳಿಸಲು ಹೊರಟಿದೆ.

ಏನು ಮಾಡಬಹುದು, ಎಲ್ಲಿ ಎಡವುತ್ತೇವೆ

ಖರ್ಚಿಲ್ಲದ ದಾರಿ ಹರಿಯಬಿಡುವುದು. ನಿಮ್ಮ ಲೈನಿಗೆ ಬೆಳಿಗ್ಗೆ ನಾಲ್ಕೈದು ಲೀಟರ್ ಸಾಕು. ಅರ್ಧ ಬಕೆಟ್ ಹಿಡಿದು ಪಾತ್ರೆಗೋ ಗಿಡಕ್ಕೋ ಬಳಸಿ, ಆಮೇಲಿನದನ್ನು ಸ್ಟೀಲ್ ಬಿಂದಿಗೆಗೆ ದಿನಕ್ಕಾಗುವಷ್ಟು ತುಂಬಿಡಿ. ಇದರ ದೋಷ, ಮನೆಯವರೆಲ್ಲ ಪ್ರತಿದಿನ ನೆನಪಿಟ್ಟು ಮಾಡಬೇಕು. ಮಧ್ಯಾಹ್ನ ನಾಲ್ಕು ತಾಸು ನಿಂತ ನೀರಿಗೂ ಇದೇ ನಿಯಮ. ನೆಂಟರು, ಕೆಲಸದವರು ಮರೆಯುತ್ತಾರೆ. ಮೂರು ತಿಂಗಳು ಮಗು ಇರುವ ಮನೆಯಲ್ಲಿ ಇದನ್ನೊಂದೇ ನಂಬಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನಲ್ಲಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಜನವರಿಗೆ ಮಗು ಬರುತ್ತದೆಂದು ಡಿಸೆಂಬರ್ ಕೊನೆಯಲ್ಲಿ ಹಳೇ ಹಿತ್ತಾಳೆ ನಲ್ಲಿ ತೆಗೆಸಿ ಹೊಸ ಹಿತ್ತಾಳೆ ನಲ್ಲಿ ಹಾಕಿಸಿದರೆ ಇರುವುದಕ್ಕಿಂತ ಕೆಡುಕಾಗಬಹುದು. ಹೊಸ ಹಿತ್ತಾಳೆಯ ಒಳಮೈಯಲ್ಲಿ ಬಳಿದುಕೊಂಡ ಸೀಸ ಮೊದಲ ಕೆಲವು ವಾರಗಳಲ್ಲೇ ಅತಿ ಹೆಚ್ಚು ಬರುವುದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನಲ್ಲಿ ಹಾಕಿಸಿ, ಇಲ್ಲವೇ ಕುಡಿಯುವ ನೀರಿಗೆಂದೇ ಮಾಡಿದ ಪ್ಲಾಸ್ಟಿಕ್ ನಲ್ಲಿ. ಸೀಸವಿಲ್ಲದ ಹಿತ್ತಾಳೆ ಎಂದು ಅಂಗಡಿಯವರು ಹೇಳಿದರೆ ಎನ್‌ಎಸ್‌ಎಫ್ 61 ಅಥವಾ 372ರ ಪ್ರಮಾಣಪತ್ರ ತೋರಿಸಲಿ. ಜೊತೆಯಲ್ಲೇ ಆ್ಯಂಗಲ್ ಕಾಕ್, ನಿಪ್ಪಲ್ ಕೂಡ ಬದಲಿಸಬೇಕು. ನಲ್ಲಿ ಸ್ಟೀಲಿನದಾಗಿ ಅದರ ಹಿಂದೆ ಹಿತ್ತಾಳೆ ಕಾಕ್ ಉಳಿದರೆ ಮೊದಲ ಲೋಟದ ಕಥೆ ಬದಲಾಗದು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸಾಕು.

ಪೈಪಿನದೂ ತಪ್ಪಿದ್ದರೆ ಟ್ಯಾಂಕಿನಿಂದ ಅಡುಗೆಮನೆಗೆ ಒಂದೇ ಒಂದು ಹೊಸ ಲೈನ್ ಹೊರಗೋಡೆಯ ಮೇಲೆ ಎಳೆಸಿ. ಸಿಪಿವಿಸಿ, ಪಿಪಿಆರ್ ಎಂಬ ಪ್ಲಾಸ್ಟಿಕ್ ಪೈಪುಗಳಲ್ಲಿ ಯಾವುದಾದರೂ ಆದೀತು. ಹತ್ತು ಮೀಟರ್ ಪೈಪಿಗೆ ಒಂದು ದಿನದ ಕೆಲಸ. ಸಿಪಿವಿಸಿಯಾದರೆ ಅಂಟು ಒಣಗಲು ಒಂದು ದಿನ ಬಿಟ್ಟು, ಆಮೇಲೆ ಮೂರ್ನಾಲ್ಕು ದಿನ ನೀರು ಹರಿಸಿ ಚೆಲ್ಲಿ. ನಲ್ಲಿ ಕೂರುವ ಕಡೆ ಪ್ಲಂಬರುಗಳು ಗಟ್ಟಿಯಾಗಿರಲೆಂದು ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಹಾಕುತ್ತಾರೆ. ಅದರ ಬದಲು ಸ್ಟೀಲ್ ಥ್ರೆಡ್ ಇರುವುದನ್ನು ತರಿಸಿ, ಇದನ್ನು ಮೊದಲೇ ಹೇಳಿಬಿಡಿ. ಬಿಸಿಲು ಬೀಳುವ ಕಡೆ ಪೈಪಿಗೆ ಹೊದಿಕೆ ಹಾಕಿಸಿ. ಮತ್ತೆ ಪಿವಿಸಿಯೇ ಬೇಕೆಂದಾದರೆ ಪೈಪಿನ ಮೇಲೆ ಐಎಸ್ 4985 ಗುರುತೂ ಸೀಸರಹಿತ ಎಂಬ ಬರಹವೂ ಇದೆಯೇ ನೋಡಿ ಕೊಳ್ಳಿ.

ಆರ್‌ಒ ಕೆಲಸ ಮಾಡುತ್ತದೆ. ಅದರೊಳಗಿನ ಮೆಂಬ್ರೇನ್ (ಸೋಸುವ ಪೊರೆ) ಸರಿಯಾಗಿದ್ದರೆ ಸೀಸದ ಬಹುಭಾಗವನ್ನು ತಡೆಯುತ್ತದೆ. ಆದರೆ ನಮ್ಮಲ್ಲಿ ಮಾರುವ ಹಲವು ಆರ್‌ಒಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ಚಿಕ್ಕ ವಾಲ್ವ್ ಇರುತ್ತದೆ. ನೀರು ಸಪ್ಪೆಯಾಗದಿರಲೆಂದು ಅದು ಮೆಂಬ್ರೇನ್ ದಾಟದ ನೀರನ್ನೇ ಸ್ವಲ್ಪ ಒಳಗೆ ಬೆರೆಸುತ್ತದೆ. ಲವಣದ ಜೊತೆ ಸೀಸವೂ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಸೀಸಕ್ಕಾಗಿ ಆರ್‌ಒ ಹಾಕಿಸಿದರೆ ಆ ವಾಲ್ವನ್ನು ಪೂರ್ತಿ ಮುಚ್ಚಿಸಬೇಕು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು-ಮೂರು ಲೀಟರ್ ಹೊರಗೆ ಹೋಗುತ್ತದೆ, ಅದನ್ನು ನೆಲ ಒರೆಸಲು ಹಿಡಿದಿಡಿ. 190 ಟಿಡಿಎಸ್ ಇರುವ ನೀರಿಗೆ ರುಚಿಗಾಗಿ ಆರ್‌ಒ ಬೇಕಿಲ್ಲ. ಪರೀಕ್ಷೆಯಲ್ಲಿ ಸೀಸ ಬಂದು, ಪೈಪ್ ಬದಲಿಸಲು ಜನವರಿಯೊಳಗೆ ಆಗದಿದ್ದರೆ ಆಗ ತೆಗೆದುಕೊಳ್ಳಿ. ಹಾಕಿಸಿದ ಮೇಲೆ ಅದರಿಂದ ಬಂದ ನೀರನ್ನೂ ಒಮ್ಮೆ ಪರೀಕ್ಷೆಗೆ ಕಳಿಸಿ.

ಇನ್ನು ಪ್ಲಂಬರ್ ಹೇಳಿದಂತೆ ಇಡೀ ಮನೆಯ ಜಿಐ ಕೀಳಿಸುವುದು. ನೀರಿನ ರಭಸ ಕಡಿಮೆಯಾಗಿದ್ದರೆ, ಗೋಡೆ ಜಿನುಗುತ್ತಿದ್ದರೆ, ಕೆಂಪು ನೀರು ಬರುತ್ತಿದ್ದರೆ ಅದು ಮಾಡಿಸಲೇಬೇಕಾದ ಕೆಲಸ. ಸೀಸ ಒಂದೇ ಅದಕ್ಕೆ ಕಾರಣವಾಗಲಾರದು. ಮಾಡಿಸುವುದಾದರೆ ಮಗು ಮನೆಯಲ್ಲಿರುವಾಗ ಬೇಡ. ಸುತ್ತಿಗೆ ಏಟಿಗೆ ತುಕ್ಕು ಉದುರುತ್ತದೆ, 1964ರ ಗೋಡೆಯ ಹಳೇ ಬಣ್ಣದ ಪುಡಿಯಲ್ಲೂ ಸೀಸ ಇರಬಹುದು. ಭಾರತದಲ್ಲಿ ಮನೆ ಬಣ್ಣದಲ್ಲಿರುವ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ಜಾರಿಯಾದದ್ದೇ 2017ರಲ್ಲಿ. ಒಣಗಿದ ಗೋಡೆಯನ್ನು ಉಜ್ಜಿಸಬೇಡಿ, ನೀರು ಚಿಮುಕಿಸಿ ಕೆಲಸ ಮಾಡಿಸಿ. ಮತ್ತೊಂದು ಎಚ್ಚರಿಕೆ ಯಾರೂ ಹೇಳುವುದಿಲ್ಲ: ಹಳೇ ಮನೆಗಳಲ್ಲಿ ಎಷ್ಟೋ ಕಡೆ ಕರೆಂಟಿನ ಅರ್ಥಿಂಗ್ ತಂತಿಯನ್ನು ಜಿಐ ಪೈಪಿಗೆ ಕಟ್ಟಿರುತ್ತಾರೆ. ಪೈಪ್ ಪ್ಲಾಸ್ಟಿಕ್ ಆದ ದಿನವೇ ಗೀಸರ್, ಫ್ರಿಜ್ಜಿಗೆ ಅರ್ಥಿಂಗ್ ತಪ್ಪಿಹೋಗುತ್ತದೆ. ಪ್ಲಂಬರಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ.

ಬೇಗ ಕುದಿಯಲೆಂದು ಗೀಸರಿನ ನೀರನ್ನು ಅನ್ನಕ್ಕೋ ಹಾಲಿನ ಬಾಟಲಿಗೋ ಹಿಡಿಯುವ ಅಭ್ಯಾಸವಿದ್ದರೆ ಇವತ್ತಿಗೇ ಬಿಡಿ.

ನೀರಾಚೆಗೂ ಒಮ್ಮೆ ನೋಡಬೇಕು. ಕಲಾಯಿಗೆ ಶುದ್ಧ ತವರವೇ ಬೇಕು. ಅಗ್ಗದ ಕಲಾಯಿಯಲ್ಲಿ ಸೀಸ ಬೆರೆಸುತ್ತಾರೆ, ಹುಳಿ ಹಾಕಿದ ಸಾರು ಅದನ್ನು ನೀರಿಗಿಂತ ಬಹಳ ಹೆಚ್ಚು ಕರಗಿಸುತ್ತದೆ. ಸಾರಿಗೆಂದು ಇಟ್ಟುಕೊಂಡ ಈಯದ ಪಾತ್ರೆ ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ ಬಳಸಬೇಡಿ. ಮಗುವಿನ ಕಣ್ಣಿಗೆ ಅಂಗಡಿಯ ಸುರ್ಮಾ ಬೇಡ, ಅದರಲ್ಲಿ ಸೀಸದ ಸಲ್ಫೈಡ್ ಇರುವುದುಂಟು. ಅರಿಶಿನಕ್ಕೆ ಬಣ್ಣ ಬರಲು ಲೆಡ್ ಕ್ರೋಮೇಟ್ ಕಲಬೆರಕೆ ಮಾಡುತ್ತಾರೆ, ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ. ಬಾಣಂತಿಗೆ ಕೊಡುವ ಮದ್ದಿನಲ್ಲಿ ನಾಗಭಸ್ಮ ಇದ್ದರೆ ಅದು ಸೀಸದ ಭಸ್ಮವೇ.

ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಒಮ್ಮೆ ನೋಡಿಸಲು ಮಗಳು ಷಿಕಾಗೊದ ಶಿಶುವೈದ್ಯರನ್ನೇ ಕೇಳಲಿ. ಸೀಸದ ಪೈಪಿನ ಕಾಗದವನ್ನೂ ಅವರಿಗೆ ತೋರಿಸಲಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಮೇಲಿನ ಸೀಸವೂ ಸೇರಿ ಅಂಕಿ ಹೆಚ್ಚು ತೋರಬಹುದು. ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಬಂದರೆ ಮೂಲ ಹುಡುಕಲು ಶುರುಮಾಡುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆ 5ಕ್ಕೆ ಅದನ್ನೇ ಹೇಳುತ್ತದೆ. ಔಷಧಿ ಕೊಟ್ಟು ಸೀಸ ತೆಗೆಯುವ ಮಾತು ಬರುವುದು 45ರ ಸುಮಾರಿಗೆ. ಅದಕ್ಕೂ ಕೆಳಗಿದ್ದರೆ ಚಿಕಿತ್ಸೆಯೆಂದರೆ ಮೂಲ ನಿಲ್ಲಿಸುವುದು ಮತ್ತು ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಾಗದಂತೆ ನೋಡಿಕೊಳ್ಳುವುದು, ಏಕೆಂದರೆ ಇವೆರಡೂ ಕಡಿಮೆ ಇದ್ದ ಮಗುವಿನ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಎದೆಹಾಲು ನಿಲ್ಲಿಸಬೇಕಾಗಿಲ್ಲ, ಎಷ್ಟು ಸಾಧ್ಯವೋ ಅಷ್ಟು ಮುಂದುವರಿಸಲಿ, ಮಗಳು ಕೂಡ ಕುಡಿಯುವುದಕ್ಕೆ ಫಿಲ್ಟರ್ ನೀರನ್ನೇ ಬಳಸಲಿ.